ರೂಬಿಯಲ್ಲಿ ಕ್ಲಾಸ್ ಮೆಥಡ್ ಮುಚ್ಚಿಡುವ ಸೌಲಭ್ಯ: ಗಂಜ್‌ನ ತಕ್ಪಟ್ಟಿ ಲೆಕ್ಕಕ್ಕೆ ಹಚ್ಚಿ ನೋಡಿದ ವಿಮರ್ಶೆ

ಐದಕ್ಕೆ ಮೂರೂವರೆ ಅಂಕ. ಇದು ಇಡೀ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟಿದ್ದಲ್ಲ, ಕ್ಲಾಸ್ ಮೆಥಡ್‌ಗಳನ್ನು (ಆಬ್ಜೆಕ್ಟ್ ಮಾಡದೆ ಕ್ಲಾಸ್ ಹೆಸರು ಹಿಡಿದೇ ಕರೆಯುವಂಥವನ್ನು) ಹೊರಗಿನ ಕೋಡಿನಿಂದ ಮರೆಮಾಡಲು ಅದರಲ್ಲಿರುವ ಸೌಲಭ್ಯಕ್ಕೆ ಕೊಟ್ಟಿದ್ದು. ಸರಿಯಾಗಿ ಹಚ್ಚಿದರೆ ಗಟ್ಟಿ ಮಾಲು. ತಪ್ಪಾಗಿ ಹಚ್ಚಿದರೂ ಅದು ತುಟಿಪಿಟಕ್ಕೆನ್ನುವುದಿಲ್ಲ, ಕೋಡು ಓಡುತ್ತಲೇ ಇರುತ್ತದೆ. ಕಡಿದ ಒಂದೂವರೆ ಅಂಕ ಪೂರ್ತಿ ಆ ಮೌನಕ್ಕೆ.

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿ, ಊರ ಸುತ್ತಲಿನ ದಾಲ್ ಮಿಲ್, ಯಾದಗಿರಿಯ ಹತ್ತಿ ವ್ಯಾಪಾರ, ಬೀದರ್‌ನ ಬಿದ್ರಿ ಅಂಗಡಿಯ ದಾಸ್ತಾನು. ಇಂಥ ಕಡೆ ಬೇಕಾಗುವ ಲೆಕ್ಕದ ಕೋಡು ದೊಡ್ಡದಿರುವುದಿಲ್ಲ. ಒಬ್ಬಿಬ್ಬರು ಬರೆಯುತ್ತಾರೆ, ಆಮೇಲೆ ಬಂದ ಮೂರನೆಯವರು ತಿದ್ದುತ್ತಾರೆ. ಆ ಮೂರನೆಯವರಿಗೆ ಯಾವ ಮೆಥಡ್ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಕೋಡೇ ಹೇಳಬೇಕು. ಬಾಯಿಮಾತಿನ ಎಚ್ಚರಿಕೆ ಮುಂದಿನ ಸುಗ್ಗಿಯ ತನಕ ಬಾಳುವುದಿಲ್ಲ.

ಒಂದು ತಕ್ಪಟ್ಟಿಯನ್ನೇ (ಮಾಲಿನ ತೂಕ, ಕಡಿತ ಬರೆಯುವ ಗಂಜ್ ಪಟ್ಟಿ) ತಗೊಳ್ಳಿ. 50 ಚೀಲ ತೊಗರಿ, ಕಾಟಾ ತೂಕ 5,050 ಕೆಜಿ. ಚೀಲಕ್ಕೆ 1 ಕೆಜಿ ಬಾರದಾನ (ಖಾಲಿ ಚೀಲದ ತೂಕ) ಹಿಡಿದರೆ ಮಾಲು 5,000 ಕೆಜಿ. ತೇವಕ್ಕೆಂದು ಶೇ 2 ಕಡಿದರೆ ನಿವ್ವಳ 4,900. ಇದನ್ನೇ ಹಿಂದುಮುಂದು ಮಾಡಿ, ಮೊದಲು ತೇವ ಕಡಿದು ಆಮೇಲೆ ಬಾರದಾನ ಕಳೆದರೆ 4,899. ಖಾಲಿ ಚೀಲಕ್ಕೂ ತೇವ ಕಡಿದಂತಾಯಿತು, ಒಂದು ಕೆಜಿ ಫರಕು ಬಿತ್ತು. ಹಾಗಾಗಿ ಹೊರಗೆ ಕಾಣಬೇಕಾದದ್ದು ‘ನಿವ್ವಳ’ ಎಂಬ ಒಂದೇ ಮೆಥಡ್. ‘ಬಾರದಾನ’, ‘ತೇವ_ಕಡಿತ’ ಎರಡೂ ಒಳಗಿನವು. ವರ್ಷಾಂತ್ಯದ ವರದಿ ಬರೆಯುವವರು ‘ತೇವ_ಕಡಿತ’ವನ್ನು ನೇರವಾಗಿ ಕರೆದು ತಮಗೆ ತೋಚಿದ ಕ್ರಮದಲ್ಲಿ ಕಳೆದರೆ ಪಟ್ಟಿಗೂ ವರದಿಗೂ ಹಿಸಾಬು ಬರೋಬರಿ ಆಗುವುದಿಲ್ಲ.

ಕೆಳಗಿನ ಕೋಡಿನಲ್ಲಿ ರೂಬಿಯ ಸ್ವಂತ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಯಂತ್ರಕ್ಕೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಮೆಥಡ್ ಮತ್ತು ವೇರಿಯಬಲ್ ಹೆಸರುಗಳನ್ನು ಬೇಕಾದರೆ ಕನ್ನಡದಲ್ಲೇ ಇಡಬಹುದು, ರೂಬಿ ತಕರಾರು ಮಾಡುವುದಿಲ್ಲ. ಕ್ಲಾಸ್, ಮಾಡ್ಯೂಲ್, ಕಾನ್‌ಸ್ಟಂಟ್ ಹೆಸರುಗಳಿಗೆ ಮಾತ್ರ ಅದು ನಡೆಯದು, ಏಕೆಂದರೆ ಅವು ದೊಡ್ಡಕ್ಷರದಿಂದ ಶುರುವಾಗಬೇಕು ಮತ್ತು ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಕನ್ನಡ ಹೆಸರಿನಲ್ಲಿ ಇನ್ನೊಂದು ಕಾಟವಿದೆ. ಒತ್ತಕ್ಷರವಾಗದಂತೆ ಬಿಡಿಸಲು ಕೀಬೋರ್ಡು ಸೇರಿಸುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ಚಿಹ್ನೆಯನ್ನೂ ರೂಬಿ ಹೆಸರಿನ ಭಾಗವೆಂದೇ ಎಣಿಸುತ್ತದೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಓದುವವರಿಗೆ ಒಂದೇ ಹೆಸರು, ರೂಬಿಗೆ ಎರಡು. ಇಲ್ಲಿನ ಉದಾಹರಣೆಗಳಲ್ಲಿ ಅಂಥ ಹೆಸರು ಇಟ್ಟಿಲ್ಲ.

ಮೊದಲ ಸಲ ಬರೆಯುವವರು ಹೀಗೆ ಬರೆಯುತ್ತಾರೆ:

    ಕ್ಲಾಸ್ ತಕ್ಪಟ್ಟಿ
      ಡೆಫ್ ಸೆಲ್ಫ್.ನಿವ್ವಳ(ತೂಕ, ಚೀಲ, ತೇವ)
        ತೇವ_ಕಡಿತ(ತೂಕ - ಬಾರದಾನ(ಚೀಲ), ತೇವ).ರೌಂಡ್
      ಎಂಡ್

      ಪ್ರೈವೇಟ್

      ಡೆಫ್ ಸೆಲ್ಫ್.ಬಾರದಾನ(ಚೀಲ)
        ಚೀಲ * 1.0
      ಎಂಡ್

      ಡೆಫ್ ಸೆಲ್ಫ್.ತೇವ_ಕಡಿತ(ತೂಕ, ತೇವ)
        ತೂಕ - ತೂಕ * ತೇವ / 100.0
      ಎಂಡ್
    ಎಂಡ್

ಓದಿದರೆ ಎಲ್ಲ ಸರಿಯಿದೆ. ಆದರೆ ಹೊರಗಿನಿಂದ ತಕ್ಪಟ್ಟಿ.ಬಾರದಾನ(50) ಎಂದು ಕರೆದರೆ 50.0 ಎಂದು ಉತ್ತರ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆಯಿಲ್ಲ. ವಾರ್ನಿಂಗ್‌ಗಳನ್ನೆಲ್ಲ ತೆರೆದು ಸಿಂಟ್ಯಾಕ್ಸ್ ಪರೀಕ್ಷೆ ಓಡಿಸಿದರೂ ರೂಬಿ ಹೇಳುವುದು ‘ಸಿಂಟ್ಯಾಕ್ಸ್ ಓಕೆ’ ಅಷ್ಟೇ.

‘ಪ್ರೈವೇಟ್’ ಎಂಬುದು ರೂಬಿಯಲ್ಲಿ ಕೀವರ್ಡ್ ಅಲ್ಲ, ಅದೂ ಒಂದು ಮೆಥಡ್. ಆರ್ಗ್ಯುಮೆಂಟ್ ಕೊಡದೆ ಕರೆದಾಗ ಅದು ಆ ಕ್ಲಾಸ್ ಬಾಡಿಯಲ್ಲಿ ಮುಂದೆ ಬರುವ ಸಾದಾ ‘ಡೆಫ್’ಗಳ ಡಿಫಾಲ್ಟ್ ಬದಲಿಸುತ್ತದೆ, ಅಂದರೆ ಇನ್‌ಸ್ಟನ್ಸ್ ಮೆಥಡ್‌ಗಳದ್ದು (ಕ್ಲಾಸ್‌ನಿಂದ ಮಾಡಿದ ಆಬ್ಜೆಕ್ಟ್ ಮೇಲೆ ಕರೆಯುವವು). ‘ಡೆಫ್ ಸೆಲ್ಫ್.’ ಎಂದು ಬರೆದದ್ದು ಹೋಗಿ ಸೇರುವುದು ತಕ್ಪಟ್ಟಿಯ ಸಿಂಗಲ್‌ಟನ್ ಕ್ಲಾಸ್‌ಗೆ, ಅಂದರೆ ತಕ್ಪಟ್ಟಿಯ ಕ್ಲಾಸ್ ಮೆಥಡ್‌ಗಳನ್ನು ಇಡಲು ರೂಬಿ ಮಾಡಿಕೊಳ್ಳುವ ಮರೆಯ ಕ್ಲಾಸ್‌ಗೆ. ಅದರ ಮೆಥಡ್ ಟೇಬಲ್ಲೇ ಬೇರೆ, ಆ ದಾರಿಯಲ್ಲಿ ಹುಟ್ಟುವ ಮೆಥಡ್ ಯಾವಾಗಲೂ ಪಬ್ಲಿಕ್. ಅಂಗಡಿಯ ಮುಂಬಾಗಿಲಿಗೆ ‘ಒಳಗೆ ಪ್ರವೇಶವಿಲ್ಲ’ ಎಂದು ಬೋರ್ಡು ತೂಗಿಹಾಕಿ, ಹೊರಮೆಟ್ಟಿಲಿಂದ ಹತ್ತುವ ಮಾಳಿಗೆಯ ಗೋದಾಮನ್ನು ತೆರೆದಿಟ್ಟಂತೆ. ಬೋರ್ಡು ಸುಳ್ಳಲ್ಲ, ಅದು ಮಾಳಿಗೆಗೆ ಸಂಬಂಧಿಸಿದ್ದಲ್ಲ ಅಷ್ಟೇ.

ಇದಕ್ಕಿಂತ ಕೆಟ್ಟದ್ದು ಒಂದೇ ಸಾಲಿನಲ್ಲಿ ‘ಪ್ರೈವೇಟ್ ಡೆಫ್ ಸೆಲ್ಫ್.ಬಾರದಾನ’ ಎಂದು ಬರೆಯುವುದು. ರೂಬಿ 2.1ರಿಂದ (2013ರ ಡಿಸೆಂಬರ್) ‘ಡೆಫ್’ ತಾನು ಹುಟ್ಟಿಸಿದ ಮೆಥಡ್‌ನ ಹೆಸರನ್ನು ಸಿಂಬಲ್ ಆಗಿ (ಮುಂದೆ ಕೋಲನ್ ಹಾಕಿ ಬರೆಯುವ ಹೆಸರಾಗಿ) ವಾಪಸ್ ಕೊಡುತ್ತದೆ. ಹಾಗಾಗಿ ‘ಪ್ರೈವೇಟ್’ಗೆ ಸಿಗುವುದು :ಬಾರದಾನ ಎಂಬ ಹೆಸರು ಮಾತ್ರ. ಅದು ಆ ಹೆಸರಿನ ಇನ್‌ಸ್ಟನ್ಸ್ ಮೆಥಡ್ ಹುಡುಕುತ್ತದೆ, ಸಿಗದಿದ್ದರೆ ನೇಮ್‌ಎರರ್ ಕೊಟ್ಟು ನಿಲ್ಲುತ್ತದೆ. ನಿಂತರೆ ಒಳ್ಳೆಯದೇ, ತಪ್ಪು ತಕ್ಷಣ ಗೊತ್ತಾಯಿತು. ಆದರೆ ಅದೇ ಹೆಸರಿನ ಇನ್‌ಸ್ಟನ್ಸ್ ಮೆಥಡ್ ಮೇಲೆ ಎಲ್ಲೋ ಇದ್ದರೆ ರೂಬಿ ಸದ್ದಿಲ್ಲದೆ ಅದನ್ನು ಪ್ರೈವೇಟ್ ಮಾಡಿಬಿಡುತ್ತದೆ. ಮುಚ್ಚಬೇಕಾದದ್ದು ತೆರೆದೇ ಇರುತ್ತದೆ, ತೆರೆದಿರಬೇಕಾದದ್ದು ಮುಚ್ಚಿಹೋಗುತ್ತದೆ. ಬಿಲ್ ಛಾಪಿಸುವ ಪುಟ ಇದ್ದಕ್ಕಿದ್ದಂತೆ ನೋಮೆಥಡ್‌ಎರರ್ ಕೊಟ್ಟು, ನಿನ್ನೆ ಮುಟ್ಟಿದ್ದು ಕ್ಲಾಸ್ ಮೆಥಡ್ ಮಾತ್ರ ಎಂದು ಬರೆದವರು ಆಣೆ ಮಾಡುತ್ತಿದ್ದರೆ ಮೊದಲು ಈ ಸಾಲನ್ನು ಹುಡುಕಿ.

ಸರಿಯಾದ ಸಲಕರಣೆ ಎರಡಿವೆ. ಮೊದಲನೆಯದು ‘ಪ್ರೈವೇಟ್_ಕ್ಲಾಸ್_ಮೆಥಡ್’. ಡೆಫಿನಿಷನ್‌ಗಳೆಲ್ಲ ಮುಗಿದ ಮೇಲೆ ಕ್ಲಾಸ್‌ನ ಕೊನೆಯಲ್ಲಿ ಒಂದು ಸಾಲು:

    ಪ್ರೈವೇಟ್_ಕ್ಲಾಸ್_ಮೆಥಡ್ :ಬಾರದಾನ, :ತೇವ_ಕಡಿತ

ಈಗ ಹೊರಗಿನಿಂದ ಕರೆದರೆ ‘ಪ್ರೈವೇಟ್ ಮೆಥಡ್ ಬಾರದಾನ ಕಾಲ್ಡ್ ಫಾರ್ ಕ್ಲಾಸ್ ತಕ್ಪಟ್ಟಿ’ ಎಂಬ ನೋಮೆಥಡ್‌ಎರರ್ ಬರುತ್ತದೆ. ಈ ಸಾಲು ಡೆಫಿನಿಷನ್‌ಗಿಂತ ಮೇಲೆ ಇರಬಾರದು, ಹುಟ್ಟದ ಮೆಥಡ್ ಮುಚ್ಚಲು ಹೋಗಿ ಅದು ನೇಮ್‌ಎರರ್ ಕೊಡುತ್ತದೆ. ಹೆಸರು ಬದಲಿಸಿ ಈ ಸಾಲನ್ನು ತಿದ್ದಲು ಮರೆತರೂ ಫೈಲ್ ಲೋಡ್ ಆಗುವಾಗಲೇ ಗಲಾಟೆ ಎಬ್ಬಿಸುತ್ತದೆ, ಇದು ಈ ಸಲಕರಣೆಯ ಒಳ್ಳೆಯ ಗುಣ. ರೂಬಿ 2.1ರ ಮೇಲಿನದ್ದಾದರೆ ‘ಪ್ರೈವೇಟ್_ಕ್ಲಾಸ್_ಮೆಥಡ್ ಡೆಫ್ ಸೆಲ್ಫ್.ಬಾರದಾನ(ಚೀಲ)’ ಎಂದು ಒಂದೇ ಸಾಲಿನಲ್ಲೂ ಬರೆಯಬಹುದು. ರೂಬಿ 3.0ರಿಂದ ಹೆಸರುಗಳ ಅರೇ ಕೊಟ್ಟರೂ ತಗೊಳ್ಳುತ್ತದೆ. ತಿರುಗಿ ತೆರೆಯಲು ‘ಪಬ್ಲಿಕ್_ಕ್ಲಾಸ್_ಮೆಥಡ್’ ಇದೆ. ‘ಪ್ರೊಟೆಕ್ಟೆಡ್_ಕ್ಲಾಸ್_ಮೆಥಡ್’ ಎಂಬುದು ಇಲ್ಲ, ಹುಡುಕಬೇಡಿ.

ಸೋರುವುದು ಬೇರೆ ಕಡೆ. ಗೋಚರತೆ (ಮೆಥಡ್ ಪಬ್ಲಿಕ್ಕೋ ಪ್ರೈವೇಟೋ ಎಂಬುದು) ಅಂಟಿಕೊಂಡಿರುವುದು ಹೆಸರಿಗಲ್ಲ, ಆ ಒಂದು ಡೆಫಿನಿಷನ್‌ಗೆ. ತಕ್ಪಟ್ಟಿಯಿಂದ ‘ಹತ್ತಿಪಟ್ಟಿ’ ಎಂಬ ಸಬ್‌ಕ್ಲಾಸ್ ಮಾಡಿ, ಅಲ್ಲಿ ‘ಡೆಫ್ ಸೆಲ್ಫ್.ಬಾರದಾನ’ ಎಂದು ಹೊಸದಾಗಿ ಬರೆದರೆ ಅದು ಮತ್ತೆ ಪಬ್ಲಿಕ್. ತಾಯಿ ಕ್ಲಾಸ್‌ನಲ್ಲಿ ಮುಚ್ಚಿದ್ದು ಮಗಳಿಗೆ ತಾನಾಗಿ ಬರುವುದು, ಮಗಳು ಅದನ್ನು ತಿರುಗಿ ಬರೆಯದಿದ್ದರೆ ಮಾತ್ರ. ಅದೇ ಕ್ಲಾಸನ್ನು ಬೇರೆ ಫೈಲ್‌ನಲ್ಲಿ ತೆರೆದು ತಿರುಗಿ ಬರೆದರೂ ಇದೇ ಕಥೆ. ಯಾದಗಿರಿಯ ಹತ್ತಿಗೆ ಬೇರೆ ಬಾರದಾನ ಬೇಕೆಂದು ಒಂದು ಮೆಥಡ್ ತಿದ್ದಿದವರಿಗೆ ತಾವು ಬಾಗಿಲೊಂದನ್ನು ತೆರೆದದ್ದು ಗೊತ್ತೇ ಆಗುವುದಿಲ್ಲ.

ಎರಡನೆಯ ಸಲಕರಣೆ, ಈ ವಿಮರ್ಶೆ ಕೈಯೆತ್ತಿ ಮತ ಹಾಕುವುದು ಇದಕ್ಕೆ:

    ಕ್ಲಾಸ್ ತಕ್ಪಟ್ಟಿ
      ಕ್ಲಾಸ್ << ಸೆಲ್ಫ್
        ಡೆಫ್ ನಿವ್ವಳ(ತೂಕ, ಚೀಲ, ತೇವ)
          ತೇವ_ಕಡಿತ(ತೂಕ - ಬಾರದಾನ(ಚೀಲ), ತೇವ).ರೌಂಡ್
        ಎಂಡ್

        ಪ್ರೈವೇಟ್

        ಡೆಫ್ ಬಾರದಾನ(ಚೀಲ) = ಚೀಲ * 1.0
        ಡೆಫ್ ತೇವ_ಕಡಿತ(ತೂಕ, ತೇವ) = ತೂಕ - ತೂಕ * ತೇವ / 100.0
      ಎಂಡ್
    ಎಂಡ್

ಇಲ್ಲಿ ನೇರವಾಗಿ ಸಿಂಗಲ್‌ಟನ್ ಕ್ಲಾಸ್‌ನ ಬಾಡಿಯನ್ನೇ ತೆರೆದಿದ್ದೇವೆ. ಅದರೊಳಗೆ ಸಾದಾ ‘ಡೆಫ್’, ಸಾದಾ ‘ಪ್ರೈವೇಟ್’, ಎರಡೂ ಒಂದೇ ಟೇಬಲ್‌ಗೆ ಸಂಬಂಧಿಸಿದವು. ಹೊಸಬರು ‘ಪ್ರೈವೇಟ್’ನಿಂದ ಏನು ನಿರೀಕ್ಷಿಸುತ್ತಾರೋ ಅದೇ ಆಗುತ್ತದೆ. ಮುಂದೆ ಯಾರಾದರೂ ಮೂರನೇ ಸಹಾಯಕ ಮೆಥಡ್ ಸೇರಿಸಿದರೆ ಅದೂ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೊನೆಯ ಸಾಲಿಗೆ ಹೆಸರು ಸೇರಿಸುವ ನೆನಪು ಬೇಕಿಲ್ಲ. ಈ ಬ್ಲಾಕ್‌ನ ‘ಪ್ರೈವೇಟ್’ ಹೊರಗೆ ಸೋರುವುದಿಲ್ಲ, ಹೊರಗಿನದ್ದು ಒಳಗೆ ಬರುವುದಿಲ್ಲ. ಬ್ಲಾಕ್ ಮುಚ್ಚಿ ಕೆಳಗೆ ಇನ್ನೊಮ್ಮೆ ತೆರೆದರೆ ಡಿಫಾಲ್ಟ್ ಮತ್ತೆ ಪಬ್ಲಿಕ್‌ನಿಂದ ಶುರು. ಸಮಾನಚಿಹ್ನೆ ಹಾಕಿ ಒಂದೇ ಸಾಲಿನಲ್ಲಿ ಬರೆಯುವ ಡೆಫ್ ರೂಬಿ 3.0ರಿಂದ ಮಾತ್ರ, ಹಳೆಯದರಲ್ಲಿ ಮಾಮೂಲು ಮೂರು ಸಾಲಿನ ಡೆಫ್ ಬರೆಯಿರಿ.

ಇದಕ್ಕೂ ಕುಂದುಗಳಿವೆ. ಫೈಲ್ ಉದ್ದವಾದಾಗ ನಡುಮಧ್ಯದ ‘ಡೆಫ್ ಬಾರದಾನ’ ನೋಡಿ ಅದು ಕ್ಲಾಸ್ ಮೆಥಡ್ಡೋ ಇನ್‌ಸ್ಟನ್ಸ್ ಮೆಥಡ್ಡೋ ತಿಳಿಯುವುದಿಲ್ಲ, ಎರಡು ಸ್ಪೇಸ್ ಹೆಚ್ಚಿನ ಇಂಡೆಂಟ್ ಒಂದೇ ಗುರುತು. ‘ಡೆಫ್ ಸೆಲ್ಫ್.ಬಾರದಾನ’ ಎಂದು ಸರ್ಚ್ ಕೊಟ್ಟರೆ ಸಿಗದು. ಕಾನ್‌ಸ್ಟಂಟ್‌ಗಳನ್ನು ಈ ಬ್ಲಾಕ್ ಒಳಗೆ ಇಡಬೇಡಿ: ಅವು ಸಿಂಗಲ್‌ಟನ್ ಕ್ಲಾಸ್‌ಗೆ ಸೇರುತ್ತವೆ, ಹೊರಗಿನಿಂದ ಎರಡು ಕೋಲನ್ ಹಾಕಿ ಕೇಳಿದರೆ ತಕ್ಪಟ್ಟಿಯಲ್ಲಿ ಇಲ್ಲವೆಂದು ನೇಮ್‌ಎರರ್. ಬ್ಲಾಕ್‌ನೊಳಗೆ, ಆದರೆ ಯಾವ ಮೆಥಡ್‌ನೊಳಗೂ ಅಲ್ಲದೆ, ‘@ದರಪಟ್ಟಿ = {}’ ಎಂದು ಬರೆದರೂ ಅಷ್ಟೇ. ಆ ವೇರಿಯಬಲ್ ಸಿಂಗಲ್‌ಟನ್ ಕ್ಲಾಸ್‌ನದ್ದಾಗುತ್ತದೆ, ತಕ್ಪಟ್ಟಿಯ ಮೆಥಡ್ ಓದುವ ‘@ದರಪಟ್ಟಿ’ ನಿಲ್ ಆಗಿಯೇ ಉಳಿಯುತ್ತದೆ. ಇಂಥ ಸಾಲುಗಳನ್ನು ಬ್ಲಾಕ್‌ನ ಹೊರಗೆ, ಕ್ಲಾಸ್ ಬಾಡಿಯಲ್ಲಿ ಬರೆಯುವುದೇ ವಾಡಿಕೆ.

ಎರಡರಲ್ಲಿ ಯಾವುದು ಎಂದು ಕೇಳಿದರೆ: ಮುಚ್ಚಬೇಕಾದದ್ದು ಒಂದೇ ಮೆಥಡ್ ಇದ್ದರೆ, ಅಥವಾ ಆಬ್ಜೆಕ್ಟ್ ಹುಟ್ಟಿಸಲು ರೂಬಿಯೇ ಕೊಟ್ಟ ‘ನ್ಯೂ’ವನ್ನು ಮುಚ್ಚುವುದಿದ್ದರೆ ‘ಪ್ರೈವೇಟ್_ಕ್ಲಾಸ್_ಮೆಥಡ್’. ಎರಡು ಮೂರು ಇದ್ದರೆ ಬ್ಲಾಕ್. ನಾಲ್ಕೈದು ದಾಟಿ, ಎಲ್ಲಕ್ಕೂ ಅದೇ ತೂಕ, ಚೀಲ, ತೇವಗಳನ್ನೇ ಆರ್ಗ್ಯುಮೆಂಟ್ ಆಗಿ ದಾಟಿಸುತ್ತಿದ್ದರೆ ಗೋಚರತೆಯ ಗೊಡವೆ ಬಿಡಿ. ಅದು ಆಬ್ಜೆಕ್ಟ್ ಆಗಬೇಕಾದ ಕೋಡು. ತೂಕ, ಚೀಲ, ತೇವಗಳನ್ನು ಇನಿಶಿಯಲೈಜ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ತಗೊಂಡು, ಸಹಾಯಕ ಮೆಥಡ್‌ಗಳನ್ನೆಲ್ಲ ಇನ್‌ಸ್ಟನ್ಸ್ ಮೆಥಡ್ ಮಾಡಿ, ಹೊರಗೆ ‘ಡೆಫ್ ಸೆಲ್ಫ್.ನಿವ್ವಳ(...) = ನ್ಯೂ(...).ನಿವ್ವಳ’ ಎಂಬ ಒಂದೇ ಕ್ಲಾಸ್ ಮೆಥಡ್ ಬಿಡಿ. ಆಗ ಸಾದಾ ‘ಪ್ರೈವೇಟ್’ ಎಲ್ಲರೂ ಅಂದುಕೊಂಡಂತೆಯೇ ನಡೆಯುತ್ತದೆ. ಕ್ಲಾಸ್ ಮೆಥಡ್‌ಗಳ ಗೋಪ್ಯತೆಗೆ ಪರದಾಡುವ ಕೋಡಿನ ದೊಡ್ಡ ಪಾಲು ಈ ಒಂದು ಬದಲಾವಣೆಯಿಂದ ನೆಟ್ಟಗಾಗುತ್ತದೆ.

ಜಾವಾ ಕಲಿತು ಬಂದವರಿಗೆ ಒಂದು ಎಚ್ಚರಿಕೆ, ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳಿಂದ ಬರುವ ಬಹಳ ಮಂದಿ ಆ ದಾರಿಯವರೇ. ಜಾವಾದ ಪ್ರೈವೇಟ್ ಸ್ಟ್ಯಾಟಿಕ್ ಮೆಥಡ್ ಅನ್ನು ಅದೇ ಕ್ಲಾಸ್‌ನ ಇನ್‌ಸ್ಟನ್ಸ್ ಮೆಥಡ್ ಆರಾಮವಾಗಿ ಕರೆಯಬಹುದು, ಪ್ರತ್ಯೇಕ ಫೈಲ್‌ನಲ್ಲಿರುವ ಸಬ್‌ಕ್ಲಾಸ್ ಕರೆಯುವಂತಿಲ್ಲ. ರೂಬಿಯಲ್ಲಿ ಎರಡೂ ಉಲ್ಟಾ. ಸಬ್‌ಕ್ಲಾಸ್‌ನ ಕ್ಲಾಸ್ ಮೆಥಡ್ ತಾಯಿಯ ಪ್ರೈವೇಟ್ ಕ್ಲಾಸ್ ಮೆಥಡ್ ಅನ್ನು ರಿಸೀವರ್ (ಚುಕ್ಕಿಯ ಎಡಕ್ಕೆ ಬರೆಯುವುದು) ಇಲ್ಲದೆ ಕರೆಯಬಹುದು. ಅದೇ ಕ್ಲಾಸ್‌ನ ಇನ್‌ಸ್ಟನ್ಸ್ ಮೆಥಡ್ ‘ಸೆಲ್ಫ್.ಕ್ಲಾಸ್.ಬಾರದಾನ(ಚೀಲ)’ ಎಂದು ಕರೆದರೆ ನೋಮೆಥಡ್‌ಎರರ್. ರೂಬಿಯ ಪ್ರೈವೇಟ್ ನೋಡುವುದು ಕರೆಯುವವರು ಯಾವ ಕ್ಲಾಸ್‌ನವರು ಎಂಬುದನ್ನಲ್ಲ, ಕರೆಯ ಎಡಕ್ಕೆ ಏನು ಬರೆದಿದೆ ಎಂಬುದನ್ನು. ಅಲ್ಲಿ ಏನೂ ಇರಬಾರದು. ರೂಬಿ 2.7ರಿಂದ ಅಕ್ಷರಶಃ ‘ಸೆಲ್ಫ್’ ಇದ್ದರೂ ನಡೆಯುತ್ತದೆ, ‘ಸೆಲ್ಫ್.ಕ್ಲಾಸ್’ ಇದ್ದರೆ ನಡೆಯುವುದಿಲ್ಲ. ಕ್ಲಾಸ್‌ನ ಒಳಗೇ ನಿಂತು ‘ತಕ್ಪಟ್ಟಿ.ಬಾರದಾನ(ಚೀಲ)’ ಎಂದು ಪೂರ್ತಿ ಹೆಸರು ಹಿಡಿದು ಕರೆದರೂ ಎರರ್ರೇ.

ಇನ್‌ಸ್ಟನ್ಸ್‌ನಿಂದ ಕರೆಯಲಾಗದೆ ಸಿಟ್ಟಿಗೆದ್ದು ಪ್ರೈವೇಟ್ ತೆಗೆದುಹಾಕುವುದು, ಇಲ್ಲವೇ ಗೋಚರತೆ ನೋಡದೆ ಮೆಥಡ್ ಓಡಿಸುವ ‘ಸೆಂಡ್’ ಹಚ್ಚುವುದು, ಎರಡೂ ಸೋಮಾರಿ ದಾರಿ. ಎರಡೂ ಕಡೆಯಿಂದ ಬೇಕಾಗುವ ಲೆಕ್ಕವನ್ನು ಒಂದು ಒಳ ಮಾಡ್ಯೂಲ್‌ಗೆ ಹಾಕಿ, ಆ ಮಾಡ್ಯೂಲ್‌ನ ಹೆಸರನ್ನೇ ಮುಚ್ಚಿಬಿಡಿ:

    ಕ್ಲಾಸ್ ತಕ್ಪಟ್ಟಿ
      ಮಾಡ್ಯೂಲ್ ಲೆಕ್ಕ
        ಡೆಫ್ ಸೆಲ್ಫ್.ಬಾರದಾನ(ಚೀಲ)
          ಚೀಲ * 1.0
        ಎಂಡ್
      ಎಂಡ್
      ಪ್ರೈವೇಟ್_ಕಾನ್‌ಸ್ಟಂಟ್ :ಲೆಕ್ಕ
    ಎಂಡ್

‘ಪ್ರೈವೇಟ್_ಕಾನ್‌ಸ್ಟಂಟ್’ ರೂಬಿ 1.9.3ರಿಂದ ಇದೆ, ಬಳಕೆ ಮಾತ್ರ ಕಡಿಮೆ. ತಕ್ಪಟ್ಟಿಯ ಕ್ಲಾಸ್ ಮೆಥಡ್, ಇನ್‌ಸ್ಟನ್ಸ್ ಮೆಥಡ್ ಎರಡರಿಂದಲೂ ‘ಲೆಕ್ಕ.ಬಾರದಾನ(50)’ ನಡೆಯುತ್ತದೆ. ಹೊರಗಿನಿಂದ ‘ತಕ್ಪಟ್ಟಿ::ಲೆಕ್ಕ’ ಎಂದರೆ ನೇಮ್‌ಎರರ್. ಒಳಗಿನ ಮೆಥಡ್ ಒಂದೊಂದಕ್ಕೂ ಬೇರೆ ಬೇರೆ ಬೀಗ ಬೇಕಿಲ್ಲ. ಒಂದೇ ಜಾಗ್ರತೆ: ಒಳಗಿನ ಬೇರೆ ಕ್ಲಾಸ್‌ಗಳನ್ನು ‘ಕ್ಲಾಸ್ ತಕ್ಪಟ್ಟಿ::ವರದಿ’ ಎಂದು ಒಂದೇ ಸಾಲಿನಲ್ಲಿ ತೆರೆದರೆ ಅಲ್ಲಿಂದ ‘ಲೆಕ್ಕ’ ಕಾಣುವುದಿಲ್ಲ, ಏಕೆಂದರೆ ಆ ಬರವಣಿಗೆಯಲ್ಲಿ ತಕ್ಪಟ್ಟಿಯ ಬಾಡಿ ಸುತ್ತ ಇರುವುದಿಲ್ಲ. ಎರಡು ಸಾಲಿನಲ್ಲಿ, ಒಂದರೊಳಗೊಂದು ಬರೆಯಿರಿ.

‘ಮಾಡ್ಯೂಲ್_ಫಂಕ್ಷನ್’ ಬಳಸಿ ಲೆಕ್ಕದ ಮಾಡ್ಯೂಲ್ ಬರೆಯುವವರು ಒಂದು ಗುಂಡಿಯಲ್ಲಿ ಬೀಳುತ್ತಾರೆ. ಆರ್ಗ್ಯುಮೆಂಟ್ ಇಲ್ಲದ ‘ಮಾಡ್ಯೂಲ್_ಫಂಕ್ಷನ್’ ಕೆಳಗೆ ಬರುವ ಪ್ರತಿ ಮೆಥಡ್‌ನ ನಕಲೊಂದನ್ನು ಸಿಂಗಲ್‌ಟನ್‌ಗೆ ಹಾಕುತ್ತದೆ. ಅದರ ಕೆಳಗೆ ‘ಪ್ರೈವೇಟ್’ ಎಂದು ಬರೆದೊಡನೆ ಆ ಮೋಡ್ ನಿಂತುಹೋಗುತ್ತದೆ, ಸಹಾಯಕ ಮೆಥಡ್‌ನ ನಕಲೇ ಆಗುವುದಿಲ್ಲ. ಮೇಲಿನ ಮೆಥಡ್ ಅದನ್ನು ಕರೆದಾಗ ಅಂಥ ಮೆಥಡ್ ಇಲ್ಲವೆಂದು ಎರರ್ ಬರುತ್ತದೆ. ಅಲ್ಲಿ ‘ಪ್ರೈವೇಟ್_ಕ್ಲಾಸ್_ಮೆಥಡ್ :ಸಹಾಯಕ’ ಎಂದೇ ಬರೆಯಬೇಕು. ಅಥವಾ ‘ಎಕ್ಸ್‌ಟೆಂಡ್ ಸೆಲ್ಫ್’ ಬಳಸಿ, ಅಲ್ಲಿ ಸಾದಾ ‘ಪ್ರೈವೇಟ್’ ಸಲೀಸಾಗಿ ನಡೆಯುತ್ತದೆ.

‘ನ್ಯೂ’ ಮುಚ್ಚುವ ಬಗ್ಗೆ. ತಕ್ಪಟ್ಟಿಯನ್ನು ‘ತಯಾರಿಸು’ ಎಂಬ ಮೆಥಡ್‌ನಿಂದ ಮಾತ್ರ ಮಾಡಬೇಕು, ತೂಕ ಸೊನ್ನೆ ಇದ್ದರೆ ಅಲ್ಲೇ ತಡೆಯಬೇಕು ಎಂದಿದ್ದರೆ ‘ಪ್ರೈವೇಟ್_ಕ್ಲಾಸ್_ಮೆಥಡ್ :ನ್ಯೂ’. ‘ತಯಾರಿಸು’ ಒಳಗೆ ರಿಸೀವರ್ ಇಲ್ಲದೆ ‘ನ್ಯೂ(...)’ ಎಂದು ಕರೆಯಿರಿ, ಸಬ್‌ಕ್ಲಾಸ್‌ಗೂ ಅದು ಹೊಂದುತ್ತದೆ. ಆದರೆ ‘ಅಲೊಕೇಟ್’ ಇನ್ನೂ ತೆರೆದೇ ಇದೆ, ಅದು ಇನಿಶಿಯಲೈಜ್ ಓಡಿಸದೆ ಖಾಲಿ ಆಬ್ಜೆಕ್ಟ್ ಕೊಡುತ್ತದೆ. ರೂಬಿಯ ಜೊತೆಗೇ ಬರುವ ಸಿಂಗಲ್‌ಟನ್ ಮಾಡ್ಯೂಲ್ ‘ನ್ಯೂ’, ‘ಅಲೊಕೇಟ್’ ಎರಡನ್ನೂ ಮುಚ್ಚುವುದು ಇದಕ್ಕೇ.

ಇದನ್ನೆಲ್ಲ ಭದ್ರತೆ ಎಂದು ಕೊಳ್ಳುವವರಿದ್ದರೆ ಹಣ ವಾಪಸ್ ತಗೊಳ್ಳಿ (ರೂಬಿ ಪುಕ್ಕಟೆ ಎಂಬುದು ಬೇರೆ ಮಾತು). ‘ತಕ್ಪಟ್ಟಿ.ಸೆಂಡ್(:ಬಾರದಾನ, 50)’ ಎಂದರೆ ಪ್ರೈವೇಟ್ ಮೆಥಡ್ ಸುಮ್ಮನೆ ಓಡುತ್ತದೆ. ‘ತಕ್ಪಟ್ಟಿ.ಮೆಥಡ್(:ಬಾರದಾನ).ಕಾಲ್(50)’ ಎಂದರೂ ಓಡುತ್ತದೆ. ಇನ್‌ಸ್ಟನ್ಸ್_ಇವ್ಯಾಲ್ ಬ್ಲಾಕ್ ಒಳಗಿಂದಲೂ ಸಾಧ್ಯ. ಬಳಕೆದಾರರು ಆರಿಸಿದ ಹೆಸರಿನಿಂದ ಮೆಥಡ್ ಕರೆಯುವ ಕೋಡು ಇದ್ದರೆ ಅಲ್ಲಿ ‘ಸೆಂಡ್’ ಬೇಡ, ‘ಪಬ್ಲಿಕ್_ಸೆಂಡ್’ ಇರಲಿ, ಅದು ಗೋಚರತೆಯನ್ನು ಗೌರವಿಸುತ್ತದೆ. ಇನ್ನೊಂದು ಸೂಕ್ಷ್ಮ: ಕ್ಲಾಸ್‌ಗೆ ಸ್ವಂತ ‘ಮೆಥಡ್_ಮಿಸ್ಸಿಂಗ್’ ಬರೆದಿದ್ದರೆ ಪ್ರೈವೇಟ್ ಮೆಥಡ್ ಅನ್ನು ಹೊರಗಿನಿಂದ ಕರೆದದ್ದೂ ಅಲ್ಲಿಗೇ ಹೋಗುತ್ತದೆ. ಎರರ್ ಬದಲು ಯಾವುದೋ ವಿಚಿತ್ರ ಉತ್ತರ ಬಂದರೆ ಅಲ್ಲಿ ನೋಡಿ.

ಮೌನದ ಮದ್ದಿಗೆ ಬೇರೆ ಸಲಕರಣೆಯೇ ಬೇಕು: ರುಬೊಕಾಪ್, ರೂಬಿ ಕೋಡನ್ನು ಓಡಿಸದೆ ಓದಿಯೇ ತಪ್ಪು ಹುಡುಕುವ ಸಾಧನ. ಇದೂ ಪುಕ್ಕಟೆ. ಇದರ ‘ಲಿಂಟ್/ಇನೆಫೆಕ್ಟಿವ್ ಆಕ್ಸೆಸ್ ಮಾಡಿಫಯರ್’ ಎಂಬ ತಪಾಸಣೆ ಮೇಲಿನ ಮೊದಲ ಕೋಡನ್ನು ನೋಡಿದೊಡನೆ, ಇಂತಿಂಥ ಸಾಲಿನ ‘ಪ್ರೈವೇಟ್’ ಸಿಂಗಲ್‌ಟನ್ ಮೆಥಡ್ ಅನ್ನು ಪ್ರೈವೇಟ್ ಮಾಡುವುದಿಲ್ಲ, ‘ಪ್ರೈವೇಟ್_ಕ್ಲಾಸ್_ಮೆಥಡ್’ ಬಳಸಿ ಅಥವಾ ‘ಕ್ಲಾಸ್ << ಸೆಲ್ಫ್’ ಒಳಗೆ ಬರೆಯಿರಿ ಎಂದು ಸಾಲಿನ ನಂಬರ್ ಸಮೇತ ಹೇಳುತ್ತದೆ. ಡಿಫಾಲ್ಟ್ ಆಗಿ ಆನ್ ಇರುತ್ತದೆ, ಸೆಟ್ಟಿಂಗ್ ಏನೂ ಬೇಕಿಲ್ಲ. ಇದೊಂದಕ್ಕೇ ಐದಕ್ಕೆ ಐದು ಕೊಡಬಹುದಿತ್ತು, ಒಂದು ಜೋಡಿ ತೊಂದರೆ ಇರದಿದ್ದರೆ. ಈ ತಪಾಸಣೆ ತಪ್ಪು ತೋರಿಸುತ್ತದೆ, ತಾನೇ ತಿದ್ದುವುದಿಲ್ಲ. ‘ಲಿಂಟ್/ಯೂಸ್‌ಲೆಸ್ ಆಕ್ಸೆಸ್ ಮಾಡಿಫಯರ್’ ಎಂಬ ಇನ್ನೊಂದು ತಪಾಸಣೆ ಅದೇ ‘ಪ್ರೈವೇಟ್’ ಸಾಲನ್ನು ನಿರುಪಯೋಗಿ ಎಂದು ಗುರುತಿಸುತ್ತದೆ, ಅದಕ್ಕೆ ತಾನೇ ತಿದ್ದುವ ಶಕ್ತಿಯೂ ಇದೆ. ಆಟೋಕರೆಕ್ಟ್ ಆಯ್ಕೆ ಹಾಕಿ ಓಡಿಸಿದರೆ ಅದು ‘ಪ್ರೈವೇಟ್’ ಸಾಲನ್ನೇ ಅಳಿಸುತ್ತದೆ. ಅಳಿಸಿದ ಮೇಲೆ ಮೊದಲ ತಪಾಸಣೆಗೆ ಹೇಳಲು ಏನೂ ಉಳಿಯದು. ರಿಪೋರ್ಟ್ ಸ್ವಚ್ಛ, ಮೆಥಡ್‌ಗಳು ಪಬ್ಲಿಕ್, ಬರೆದವರು ಅವನ್ನು ಮುಚ್ಚಲು ಬಯಸಿದ್ದರು ಎಂಬ ಸುಳಿವೂ ಕೋಡಿನಿಂದ ಮಾಯ. ಹಾಗಾಗಿ ಹಳೆಯ ಕೋಡಿಗೆ ರುಬೊಕಾಪ್ ಹಚ್ಚುವಾಗ ಮೊದಲು ‘ಓನ್ಲಿ’ ಆಯ್ಕೆಯಲ್ಲಿ ಇನೆಫೆಕ್ಟಿವ್ ತಪಾಸಣೆಯೊಂದನ್ನೇ ಓಡಿಸಿ, ಸಿಕ್ಕಿದ್ದನ್ನೆಲ್ಲ ಕೈಯಿಂದ ತಿದ್ದಿ, ಆಮೇಲೆ ಆಟೋಕರೆಕ್ಟ್.

ಕೈಯಿಂದ ತಿದ್ದುವಾಗ ಒಂದೊಂದೇ ಕ್ಲಾಸ್ ತಗೊಳ್ಳಿ. ಇಷ್ಟು ದಿನ ಪಬ್ಲಿಕ್ ಇದ್ದ ಮೆಥಡ್ ಮುಚ್ಚಿದಾಗ, ಅದನ್ನು ಹೊರಗಿನಿಂದ ಕರೆಯುತ್ತಿದ್ದ ಕೋಡು ಆ ಸಾಲು ಓಡುವ ಹೊತ್ತಿಗೆ ಮಾತ್ರ ಮುರಿಯುತ್ತದೆ. ಜಾವಾದಂತೆ ಕಂಪೈಲರ್ ಮೊದಲೇ ಹೇಳುವುದಿಲ್ಲ. ವರ್ಷಕ್ಕೊಮ್ಮೆ ಓಡುವ ವರದಿ ಸ್ಕ್ರಿಪ್ಟ್ ಇದ್ದರೆ ಅದು ಮಾರ್ಚ್ 31ರ ರಾತ್ರಿಯೇ ಮುರಿಯುವುದು. ಮುಚ್ಚುವ ಮುಂಚೆ ‘.ಬಾರದಾನ’ ಎಂದು ಚುಕ್ಕಿ ಸಮೇತ ಇಡೀ ಫೋಲ್ಡರ್ ಹುಡುಕಿ. ‘:ಬಾರದಾನ’ ಎಂದು ಕೋಲನ್ ಸಮೇತವೂ ಹುಡುಕಿ, ಸಿಂಬಲ್ ಕೊಟ್ಟು ಕರೆಯುವವರು ಅದರಲ್ಲಿ ಸಿಗುತ್ತಾರೆ.

ಟೆಸ್ಟ್ ಬರೆಯುವಾಗ ಬಹುತೇಕರು ‘ಅಸರ್ಟ್_ರೇಸಸ್(ನೋಮೆಥಡ್‌ಎರರ್)’ ಹಾಕಿ ತಕ್ಪಟ್ಟಿ.ಬಾರದಾನ(50) ಕರೆಯುತ್ತಾರೆ. ಈ ಟೆಸ್ಟ್ ಮೋಸದ್ದು. ಮೆಥಡ್‌ಗೆ ಹೆಸರು ಬದಲಿಸಿದರೆ, ಹೊಸ ಹೆಸರಿನಲ್ಲಿ ಅದು ಪಬ್ಲಿಕ್ ಆಗಿದ್ದರೂ ಹಳೆಯ ಹೆಸರು ಇಲ್ಲವೆಂಬ ಕಾರಣಕ್ಕೆ ಅದೇ ನೋಮೆಥಡ್‌ಎರರ್ ಬಂದು ಟೆಸ್ಟ್ ಪಾಸ್ ಆಗುತ್ತದೆ. ಬದಲಿಗೆ ‘ತಕ್ಪಟ್ಟಿ.ಸಿಂಗಲ್‌ಟನ್_ಮೆಥಡ್ಸ್(ಫಾಲ್ಸ್)’ ಕೇಳಿ. ಅದು ಪಬ್ಲಿಕ್ ಮತ್ತು ಪ್ರೊಟೆಕ್ಟೆಡ್ ಕ್ಲಾಸ್ ಮೆಥಡ್‌ಗಳ ಹೆಸರು ಮಾತ್ರ ಕೊಡುತ್ತದೆ. ಆ ಅರೇ [:ನಿವ್ವಳ]ಗೆ ಸರಿಸಮ ಇದೆಯೇ ಎಂದು ಒಂದೇ ಸಾಲಿನ ಟೆಸ್ಟ್ ಸಾಕು. ಹತ್ತಿಪಟ್ಟಿಯಂಥ ಪ್ರತಿ ಸಬ್‌ಕ್ಲಾಸ್‌ಗೂ ಇಂಥದ್ದೇ ಟೆಸ್ಟ್ ಬರೆದರೆ (‘ನಿವ್ವಳ’ವನ್ನು ಅಲ್ಲಿ ತಿರುಗಿ ಬರೆಯದಿದ್ದರೆ ಹೋಲಿಸಬೇಕಾದದ್ದು ಖಾಲಿ ಅರೇಗೆ) ತಿರುಗಿ ಬರೆದು ಸೋರಿದ್ದೂ ಸಿಕ್ಕಿಬೀಳುತ್ತದೆ. ಮುಚ್ಚಿರುವವು ಯಾವುವು ಎಂದು ನೋಡಲು ‘ತಕ್ಪಟ್ಟಿ.ಸಿಂಗಲ್‌ಟನ್_ಕ್ಲಾಸ್.ಪ್ರೈವೇಟ್_ಇನ್‌ಸ್ಟನ್ಸ್_ಮೆಥಡ್ಸ್(ಫಾಲ್ಸ್)’. ‘ರೆಸ್ಪಾಂಡ್_ಟು?(:ಬಾರದಾನ)’ ಪ್ರೈವೇಟ್ ಮೆಥಡ್‌ಗೆ ಫಾಲ್ಸ್ ಹೇಳುತ್ತದೆ, ಎರಡನೇ ಆರ್ಗ್ಯುಮೆಂಟ್ ಟ್ರೂ ಕೊಟ್ಟರೆ ಟ್ರೂ.

ಆವೃತ್ತಿಯ ಮಾತು. ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲಿ ಉಬುಂಟು 18.04 ಇದ್ದರೆ ಅದರ ಜೊತೆ ಬರುವುದು ರೂಬಿ 2.5, ಅಲ್ಲಿ ‘ಸೆಲ್ಫ್.ಬಾರದಾನ(ಚೀಲ)’ ಎಂಬ ಕರೆ ಪ್ರೈವೇಟ್ ಮಾಡಿದೊಡನೆ ಮುರಿಯುತ್ತದೆ. 20.04ರಲ್ಲಿ 2.7, 22.04ರಲ್ಲಿ 3.0, 24.04ರಲ್ಲಿ 3.2. ಬರೆಯುವವರ ಲ್ಯಾಪ್‌ಟಾಪಿನಲ್ಲಿ ನಡೆದದ್ದು ಗಂಜ್‌ನಲ್ಲಿ ನಡೆಯದಿದ್ದರೆ ಮೊದಲು ಇದನ್ನು ನೋಡಿ. ಎಲ್ಲ ಆವೃತ್ತಿಗೂ ಹೊಂದಬೇಕೆಂದಿದ್ದರೆ ರಿಸೀವರ್ ಇಲ್ಲದೆ ‘ಬಾರದಾನ(ಚೀಲ)’ ಎಂದಷ್ಟೇ ಕರೆಯಿರಿ. ಎರರ್ ಸಂದೇಶದ ಪಠ್ಯವನ್ನು ಟೆಸ್ಟ್‌ನಲ್ಲಿ ಹೋಲಿಸಬೇಡಿ: 3.3ರಲ್ಲಿ ಅದರ ವಾಕ್ಯ ಬದಲಾಯಿತು, 3.4ರಲ್ಲಿ ಉದ್ಧರಣ ಚಿಹ್ನೆಯೂ ಬದಲಾಯಿತು. ರೂಬಿಯ ಹೊಸ ಆವೃತ್ತಿ ಬರುವುದು ಡಿಸೆಂಬರ್ 25ಕ್ಕೆ, ಗಂಜ್‌ಗೆ ಹೊಸ ತೊಗರಿ ಬರುವ ಹೊತ್ತಿಗೇ. ಕಾಟಾ ಮುಂದೆ ಚೀಲ ಸಾಲುಗಟ್ಟಿ ನಿಂತಾಗ ಅಪ್‌ಗ್ರೇಡ್‌ಗೆ ಕೈಹಾಕಬೇಡಿ, ಆವಕ ಇಳಿದ ಮೇಲೆ ಮಾಡಿ, ಆಗ ಮೊದಲು ಓಡಿಸುವುದು ಆ ಸಿಂಗಲ್‌ಟನ್_ಮೆಥಡ್ಸ್ ಟೆಸ್ಟ್ ಇರಲಿ.